ಒಂದೇ ಚಿತ್ರ, ಹಲವು ಓದು: ನಿಮ್ಮ ಚಿತ್ರ ಮತ್ತು ಮಾತು ನೋಡುವವರಿಗೆ ಏನು ಹೇಳುತ್ತಿದೆ ಎಂದು ಕಂಡುಕೊಳ್ಳುವುದು ಹೇಗೆ?

2015ರ ಫೆಬ್ರುವರಿಯಲ್ಲಿ ಒಂದು ಉಡುಪಿನ ಫೋಟೊ ಇಂಟರ್ನೆಟ್‌ನಲ್ಲಿ ದೊಡ್ಡ ಜಗಳವನ್ನೇ ಹಚ್ಚಿತು. ಕೆಲವರ ಕಣ್ಣಿಗೆ ಅದು ಬಿಳಿ ಮತ್ತು ಚಿನ್ನದ ಬಣ್ಣದ್ದು. ಇನ್ನು ಕೆಲವರಿಗೆ ನೀಲಿ ಮತ್ತು ಕಪ್ಪು. ಒಂದೇ ಮೊಬೈಲ್ ಪರದೆಯನ್ನು ಇಬ್ಬರು ಪಕ್ಕಪಕ್ಕ ಕೂತು ನೋಡಿದರೂ ಒಮ್ಮತವಿಲ್ಲ. ನಿಜವಾದ ಉಡುಪು ನೀಲಿ-ಕಪ್ಪು. ಫೋಟೊದಲ್ಲಿ ಬೆಳಕು ಎಂಥದ್ದು ಎಂಬುದೇ ಸರಿಯಾಗಿ ತಿಳಿಯುತ್ತಿರಲಿಲ್ಲ, ಎಡವಟ್ಟಾದದ್ದು ಅಲ್ಲೇ. ಉಡುಪು ನೆರಳಿನಲ್ಲಿದೆ ಎಂದುಕೊಂಡ ಮಿದುಳು ನೀಲಿ ಛಾಯೆಯನ್ನು ಕಳೆದು ‘ಬಿಳಿ’ ಎಂದಿತು. ಹಳದಿ ಬೆಳಕು ಬಿದ್ದಿದೆ ಎಂದುಕೊಂಡ ಮಿದುಳು ಹಳದಿಯನ್ನು ಕಳೆದು ‘ನೀಲಿ’ ಎಂದಿತು. ಯಾರೂ ಬೇಕೆಂದು ಹಾಗೆ ನೋಡಿದ್ದಲ್ಲ.

ಬರೀ ಬಣ್ಣದ ವಿಷಯದಲ್ಲೇ ಹೀಗಾದರೆ, ಮುಖದ ಭಾವ, ಕೈಸನ್ನೆ, ಬಾಣದ ಗುರುತು, ಎರಡು ಸಾಲಿನ ಎಚ್ಚರಿಕೆ, ಇವೆಲ್ಲ ಎಷ್ಟು ರೀತಿ ಓದಿಸಿಕೊಳ್ಳಬಹುದು ಅಲ್ವಾ? ಪೋಸ್ಟರ್ ಮಾಡುವವರು, ಸೂಚನಾ ಫಲಕ ಬರೆಯುವವರು, ಫೋಟೊಗೆ ಕ್ಯಾಪ್ಷನ್ ಹಾಕುವವರು, ಪಾಠಕ್ಕೆ ಚಿತ್ರ ಹುಡುಕುವವರು ಎಲ್ಲರಿಗೂ ಒಂದೇ ತೊಂದರೆ. ಮಾಡಿದವರ ಕಣ್ಣಿಗೆ ಎರಡನೆಯ ಅರ್ಥ ಕಾಣುವುದೇ ಇಲ್ಲ. ಉತ್ತರ ಮೊದಲೇ ಗೊತ್ತಿದ್ದವರಿಗೆ ಪ್ರಶ್ನೆ ಯಾವತ್ತೂ ಸುಲಭ. ಆದ್ದರಿಂದ ‘ನನಗೆ ಸರಿಯಾಗಿ ಕಾಣುತ್ತಿದೆ’ ಎಂಬುದು ಇಲ್ಲಿ ಪರೀಕ್ಷೆಯೇ ಅಲ್ಲ. ಬೇರೆಯವರ ಕಣ್ಣಿನಲ್ಲಿ ಏನಿದೆ ಎಂಬುದನ್ನು ಹೊರಗೆ ತರಲು ಒಂದು ಕ್ರಮ ಬೇಕು. ಆ ಕ್ರಮ ಮುಂದಿದೆ. ಬೇಕಾಗುವ ಸಾಮಾನು ಕಡಿಮೆ: ನಿಮ್ಮ ಚಿತ್ರ, ಒಂದು ಹಾಳೆ, ಪೆನ್ನು, ಮತ್ತು ನಿಮ್ಮ ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಕೆಲವು ಜನ.

ಹೆಜ್ಜೆ 1: ಕಂಡದ್ದು ಒಂದು ಕಡೆ, ಊಹಿಸಿದ್ದು ಇನ್ನೊಂದು ಕಡೆ

ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಚಿತ್ರದಲ್ಲಿ ಕಣ್ಣಿಗೆ ಕಾಣುವುದನ್ನಷ್ಟೇ ಬರೆಯಿರಿ. ಬಲಗಡೆ ನಿಮಗೆ ಅನಿಸಿದ್ದನ್ನು ಬರೆಯಿರಿ.

ಒಂದು ಫೋಟೊ ಇದೆ ಎಂದುಕೊಳ್ಳಿ. ಒಬ್ಬ ಯುವಕ ರಸ್ತೆಯಲ್ಲಿ ಓಡುತ್ತಿದ್ದಾನೆ. ಎದೆಗೆ ಒಂದು ಚೀಲ ಅವುಚಿಕೊಂಡಿದ್ದಾನೆ. ಹಿಂದೆ ಇಬ್ಬರಿದ್ದಾರೆ, ಅವರಲ್ಲಿ ಒಬ್ಬನ ಕೈ ಮೇಲೆದ್ದಿದೆ. ಇಷ್ಟು ಎಡಗಡೆಗೆ. ‘ಕಳ್ಳ ಓಡಿಹೋಗುತ್ತಿದ್ದಾನೆ’ ಎಂಬುದು ಬಲಗಡೆಗೆ. ‘ಬಸ್ ಹಿಡಿಯಲು ಓಡುತ್ತಿದ್ದಾರೆ’ ಎಂಬುದೂ ಬಲಗಡೆಗೇ. ‘ಹಿಂದಿನವರು ಅಟ್ಟಿಸಿಕೊಂಡು ಬರುತ್ತಿದ್ದಾರೆ’? ಇದು ಮೋಸ ಮಾಡುವ ಸಾಲು. ಎಡಗಡೆಗೆ ಸೇರಬೇಕು ಎನಿಸುತ್ತದೆ. ಆದರೆ ಅಟ್ಟುವುದು ಎಂದರೆ ಉದ್ದೇಶ, ಮತ್ತು ಉದ್ದೇಶ ಫೋಟೊದಲ್ಲಿ ಇರುವುದಿಲ್ಲ. ಇರುವುದು ಮೂವರು, ಒಂದು ದಿಕ್ಕು, ಒಂದು ಎತ್ತಿದ ಕೈ.

ಮೊದಮೊದಲು ಎಡಗಡೆಯ ಪಟ್ಟಿ ಬರೆಯುವುದು ಬೇಜಾರಿನ ಕೆಲಸ. ಆದರೂ ಬಿಡಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ನೆ ಅಲ್ಲ. ಪಟ್ಟಿ ಮುಗಿದ ಮೇಲೆ ಬಲಗಡೆಯ ಪ್ರತಿ ಸಾಲಿಗೂ ಎಡಗಡೆಯ ಆಧಾರ ಯಾವುದು ಎಂದು ಗೆರೆ ಎಳೆದು ತೋರಿಸಿ. ಆಧಾರ ಸಿಗದ ಸಾಲು ನಿಮ್ಮ ತಲೆಯೊಳಗಿಂದ ಬಂದದ್ದು. ಒಂದೇ ಆಧಾರಕ್ಕೆ ಎರಡು ಊಹೆಗಳು ಅಂಟಿಕೊಂಡಿದ್ದರೆ, ನೋಡುವವರು ಬೇರೆ ಬೇರೆ ದಾರಿ ಹಿಡಿಯುವ ಜಾಗ ಅದೇ. ಅಲ್ಲಿ ಒಂದು ಗುರುತು ಹಾಕಿಡಿ.

ಹೆಜ್ಜೆ 2: ಮಾತು ಮುಚ್ಚಿ ಚಿತ್ರ ನೋಡಿ, ಚಿತ್ರ ಮುಚ್ಚಿ ಮಾತು ಓದಿ

ಈಗ ಕ್ಯಾಪ್ಷನ್ ಮೇಲೆ ಕೈ ಇಟ್ಟು ಚಿತ್ರವನ್ನಷ್ಟೇ ನೋಡಿ. ಏನು ಕಥೆ ಹೇಳುತ್ತದೆ? ಬರೆದುಕೊಳ್ಳಿ. ಆಮೇಲೆ ಚಿತ್ರ ಮುಚ್ಚಿ ಮಾತನ್ನಷ್ಟೇ ಓದಿ. ಅದು ಏನು ಹೇಳುತ್ತದೆ? ಕೊನೆಗೆ ಎರಡನ್ನೂ ಒಟ್ಟಿಗೆ ನೋಡಿ.

ಓಡುವ ಯುವಕನ ಫೋಟೊ ಕೆಳಗೆ ‘ಮಳೆಗೆ ಸಿಕ್ಕಿಬಿದ್ದ ಗೆಳೆಯರು’ ಎಂದು ಬರೆಯಿರಿ. ಎತ್ತಿದ ಕೈ ನಗುವಿನ ಕೈಯಾಗುತ್ತದೆ. ‘ಹಾಡಹಗಲೇ ಸುಲಿಗೆ’ ಎಂದು ಬರೆಯಿರಿ. ಅದೇ ಕೈ ‘ಹಿಡೀರಿ’ ಎಂದು ಕೂಗುತ್ತದೆ. ಫೋಟೊದ ಒಂದು ಚುಕ್ಕೆಯೂ ಬದಲಾಗಿಲ್ಲ. ಫ್ರಾನ್ಸಿನ ಚಿಂತಕ ರೋಲಾನ್ ಬಾರ್ತ್ 1964ರಲ್ಲಿ ಈ ಕೆಲಸಕ್ಕೆ ಲಂಗರು ಹಾಕುವುದು ಎಂದು ಹೆಸರಿಟ್ಟರು. ಚಿತ್ರದ ಅರ್ಥ ಅಲ್ಲಿ ಇಲ್ಲಿ ತೇಲುತ್ತಿರುತ್ತದೆ, ಮಾತು ಅದನ್ನು ಒಂದು ಕಡೆ ನಿಲ್ಲಿಸುತ್ತದೆ.

ಈ ಹೆಜ್ಜೆಯಲ್ಲಿ ಮೂರು ಬಗೆಯ ಫಲಿತಾಂಶ ಬರಬಹುದು. ಮಾತು ಮತ್ತು ಚಿತ್ರ ಒಂದನ್ನೇ ಹೇಳುತ್ತಿದ್ದರೆ ಅಪಾಯ ಕಡಿಮೆ, ಸ್ವಲ್ಪ ಬೇಜಾರು ಜಾಸ್ತಿ. ಮಾತು ಚಿತ್ರದಲ್ಲಿಲ್ಲದ ಸಂಗತಿಯನ್ನು ಸೇರಿಸುತ್ತಿದ್ದರೆ, ಆ ಸಂಗತಿ ನಿಜವೇ ಎಂದು ಬೇರೆ ಮೂಲದಿಂದ ಖಾತ್ರಿ ಮಾಡಿಕೊಳ್ಳಲೇಬೇಕು. ಏಕೆಂದರೆ ಓದುಗರು ಅದನ್ನು ಕಣ್ಣಾರೆ ಕಂಡ ಹಾಗೆ ನೆನಪಿಟ್ಟುಕೊಳ್ಳುತ್ತಾರೆ. ಮೂರನೆಯದು, ಎರಡೂ ಎದುರುಬದುರು ನಿಲ್ಲುವುದು. ‘ಶಾಂತವಾಗಿರಿ’ ಎಂಬ ಸಾಲಿನ ಮೇಲೆ ಗಾಬರಿ ಬಿದ್ದ ಮುಖದ ಚಿತ್ರ ಹಾಕಿದ ಫಲಕಗಳನ್ನು ನೀವೂ ನೋಡಿರುತ್ತೀರಿ. ಅವಸರದಲ್ಲಿ ಇರುವವರು ಸಾಲು ಓದುವುದಿಲ್ಲ, ಮುಖವನ್ನು ನೋಡಿ ಮುಂದೆ ಹೋಗುತ್ತಾರೆ.

ಹೆಜ್ಜೆ 3: ಸುತ್ತಮುತ್ತ ಏನಿದೆ ಎಂದು ನೋಡಿ

ಚಿತ್ರ ಒಂಟಿಯಾಗಿ ಯಾರಿಗೂ ಸಿಗುವುದಿಲ್ಲ. ಅದರ ಹಿಂದೆ ಮುಂದೆ, ಅಕ್ಕಪಕ್ಕ ಏನಾದರೂ ಇರುತ್ತದೆ.

ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆ ಮಾಡಿದ ಪ್ರಯೋಗ ಇವತ್ತಿಗೂ ಸಿನಿಮಾ ಪಾಠಗಳಲ್ಲಿದೆ. ನಟನೊಬ್ಬನ ಭಾವವಿಲ್ಲದ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸಿನ ದೃಶ್ಯ ಜೋಡಿಸಿದರು. ಮುಖ ಅದೇ. ಆದರೂ ನೋಡಿದವರು ಅದರಲ್ಲಿ ಹಸಿವು, ದುಃಖ, ಆಸೆಗಳನ್ನು ಕಂಡರು ಎಂಬುದು ಪ್ರಸಿದ್ಧ ಕಥೆ. ವಿಡಿಯೊ ಎಡಿಟ್ ಮಾಡುವವರಿಗೆ ಇದು ದಿನನಿತ್ಯದ ಅನುಭವ. ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಟ್ಟ ಕೂಡಲೇ ನಡುವೆ ಒಂದು ‘ಆದ್ದರಿಂದ’ ತಾನೇ ಹುಟ್ಟಿಕೊಳ್ಳುತ್ತದೆ.

ಕ್ರಾಪ್ ಮಾಡುವುದೂ, ಅಂದರೆ ಫೋಟೊದ ಅಂಚು ಕತ್ತರಿಸುವುದೂ, ಇದೇ ಜಾತಿಯ ಕೆಲಸ. ಓಡುವ ಯುವಕನ ಫೋಟೊದಲ್ಲಿ ಬಲತುದಿಯಲ್ಲಿ ಹೊರಟು ನಿಂತ ಬಸ್ ಇದ್ದು, ನೀವು ಅದನ್ನು ಕತ್ತರಿಸಿದರೆ, ಸುಲಿಗೆಯ ಕಥೆಗೆ ದಾರಿ ಮಾಡಿಕೊಟ್ಟಂತೆ. ಕತ್ತರಿಸಿದ ಭಾಗವನ್ನು ಮರಳಿ ಸೇರಿಸಿದರೆ ಅರ್ಥ ಬದಲಾಗುತ್ತದೆಯೇ ಎಂದು ಪ್ರತಿ ಸಲ ಕೇಳಿಕೊಳ್ಳಿ. ಬದಲಾದರೆ ಅದು ಅಂದಕ್ಕಾಗಿ ಮಾಡಿದ ಕ್ರಾಪ್ ಅಲ್ಲ.

ಕಾಲವೂ ಸುತ್ತಮುತ್ತಲಿನ ಭಾಗವೇ. ಬಾತುಕೋಳಿಯಾಗಿಯೂ ಮೊಲವಾಗಿಯೂ ಕಾಣುವ ಒಂದು ಹಳೆಯ ಚಿತ್ರವನ್ನು ನೀವು ನೋಡಿರಬಹುದು. ಅದು ಮೊದಲು ಅಚ್ಚಾದದ್ದು 1892ರಲ್ಲಿ, ಜರ್ಮನಿಯ ಹಾಸ್ಯ ಪತ್ರಿಕೆಯೊಂದರಲ್ಲಿ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮೃಗಾಲಯಕ್ಕೆ ಬಂದವರಿಗೆ ಇದೇ ಬಗೆಯ ಚಿತ್ರ ತೋರಿಸಿದರು. ಈಸ್ಟರ್ ದಿನ ಹೆಚ್ಚಿನವರಿಗೆ ಮೊಲ ಕಂಡಿತು. ಅಕ್ಟೋಬರ್‌ನಲ್ಲಿ ಹೆಚ್ಚಿನವರಿಗೆ ಹಕ್ಕಿ ಕಂಡಿತು. ಅಲ್ಲಿ ಈಸ್ಟರ್ ಹಬ್ಬದ ಹೊತ್ತಿಗೆ ಎಲ್ಲಿ ನೋಡಿದರೂ ಮೊಲದ ಚಿತ್ರ, ಗೊಂಬೆಗಳೇ. ಚಿತ್ರವನ್ನು ಯಾವಾಗ, ಯಾವ ಸುದ್ದಿಯ ನಡುವೆ ಜನ ನೋಡುತ್ತಾರೆ ಎಂಬುದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ ಎಂದು ಹೇಳಲು ಇಷ್ಟೆಲ್ಲ ಹೇಳಬೇಕಾಯಿತು.

ಹೆಜ್ಜೆ 4: ನೋಡುವವರ ಪಟ್ಟಿ ಮಾಡಿ

‘ಸಾರ್ವಜನಿಕರು’ ಎಂದು ಬರೆದು ಮುಗಿಸಬೇಡಿ. ಸಾರ್ವಜನಿಕರು ಎಂಬ ಒಬ್ಬ ಮನುಷ್ಯ ಎಲ್ಲೂ ಇಲ್ಲ. ಕನಿಷ್ಠ ನಾಲ್ಕು ಬಗೆಯ ನೋಡುಗರನ್ನು ಬರೆಯಿರಿ: ನಿಮ್ಮ ಮಾತನ್ನು ಒಪ್ಪುವವರು, ಒಪ್ಪದವರು, ವಿಷಯವೇ ಗೊತ್ತಿಲ್ಲದವರು, ಮತ್ತು ಚಿತ್ರದಲ್ಲಿ ಇರುವವರು. ಕೊನೆಯವರನ್ನು ಬಹಳ ಜನ ಮರೆಯುತ್ತಾರೆ.

ಒಪ್ಪದವರನ್ನು ಯಾಕೆ ಸೇರಿಸಬೇಕು? ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ 1951ರಲ್ಲಿ ಒಂದು ಒರಟು ಫುಟ್‌ಬಾಲ್ ಪಂದ್ಯ ನಡೆಯಿತು. ಆಮೇಲೆ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಪಂದ್ಯದ ಒಂದೇ ಫಿಲ್ಮ್ ತೋರಿಸಿ, ನಿಯಮ ಮುರಿದದ್ದನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡ ಎಷ್ಟು ಸಲ ತಪ್ಪಾಡಿತು? ಪ್ರಿನ್ಸ್‌ಟನ್ ವಿದ್ಯಾರ್ಥಿಗಳ ಸರಾಸರಿ ಎಣಿಕೆ 9.8. ಡಾರ್ಟ್‌ಮತ್ ವಿದ್ಯಾರ್ಥಿಗಳ ಎಣಿಕೆ 4.3. ಹಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಸಂಶೋಧಕರು 1954ರಲ್ಲಿ ಇದನ್ನು ಪ್ರಕಟಿಸಿದರು. ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ ಎಂಬುದೇ ನನಗೆ ಮುಖ್ಯ ಎನಿಸುತ್ತದೆ. ಅವರು ನಿಜವಾಗಿಯೂ ಅಷ್ಟೇ ಕಂಡರು.

ಕಣ್ಣು ಎಲ್ಲಿ ಓಡಾಡುತ್ತದೆ ಎಂಬುದೂ ತಲೆಯಲ್ಲಿರುವ ಪ್ರಶ್ನೆಗೆ ತಕ್ಕಂತೆ. ಆಲ್ಫ್ರೆಡ್ ಯಾರ್ಬಸ್ ಎಂಬ ಸೋವಿಯತ್ ವಿಜ್ಞಾನಿ 1960ರ ದಶಕದಲ್ಲಿ ಕಣ್ಣಿನ ಚಲನೆಯನ್ನು ಗುರುತಿಸಿ ಇದನ್ನು ತೋರಿಸಿದರು. ಕೋಣೆಯೊಳಗೆ ಅನಿರೀಕ್ಷಿತವಾಗಿ ಒಬ್ಬ ಮನುಷ್ಯ ಕಾಲಿಡುವ ದೃಶ್ಯದ ವರ್ಣಚಿತ್ರವನ್ನು ಒಬ್ಬನೇ ವ್ಯಕ್ತಿಗೆ ಮತ್ತೆ ಮತ್ತೆ ತೋರಿಸಿದರು. ‘ಇವರ ವಯಸ್ಸೆಷ್ಟು?’ ಎಂದು ಕೇಳಿದಾಗ ಕಣ್ಣು ಮುಖಗಳ ಸುತ್ತ ತಿರುಗಿತು. ‘ಈ ಕುಟುಂಬದ ಆರ್ಥಿಕ ಸ್ಥಿತಿ ಹೇಗಿದೆ?’ ಎಂದು ಕೇಳಿದಾಗ ಬಟ್ಟೆ, ಮೇಜು ಕುರ್ಚಿಗಳ ಮೇಲೆ ಹೋಯಿತು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಪ್ರತಿ ನೋಡುಗರ ಹೆಸರಿನ ಮುಂದೆ ಅವರು ಯಾವ ಪ್ರಶ್ನೆ ಹೊತ್ತುಕೊಂಡು ಬರುತ್ತಾರೆ ಎಂದು ಬರೆಯಿರಿ. ಆಸ್ಪತ್ರೆಯ ಫಲಕವನ್ನು ರೋಗಿ ‘ನಾನು ಎಲ್ಲಿಗೆ ಹೋಗಬೇಕು?’ ಎಂದು ನೋಡುತ್ತಾನೆ. ಅದನ್ನು ಮಾಡಿಸಿದವರು ‘ಎಲ್ಲ ವಿಭಾಗಗಳೂ ಬಂದಿವೆಯಾ?’ ಎಂದು ನೋಡಿರುತ್ತಾರೆ.

ಹಿನ್ನೆಲೆಗೆ ಕೊಡುವ ಬೆಲೆಯೂ ಒಂದೇ ಅಲ್ಲ. ಮಸೂದಾ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 2001ರಲ್ಲಿ ಜಪಾನ್ ಮತ್ತು ಅಮೆರಿಕದ ವಿದ್ಯಾರ್ಥಿಗಳಿಗೆ ನೀರೊಳಗಿನ ದೃಶ್ಯಗಳನ್ನು ತೋರಿಸಿ, ಕಂಡದ್ದನ್ನು ಹೇಳಿ ಎಂದರು. ಅಮೆರಿಕದವರು ಹೆಚ್ಚಾಗಿ ದೊಡ್ಡ ಮೀನಿನಿಂದ ಮಾತು ಶುರುಮಾಡಿದರು. ಜಪಾನಿನವರು ನೀರು, ಗಿಡ, ಹಿನ್ನೆಲೆಗಳನ್ನು ಜಾಸ್ತಿ ಹೇಳಿದರು. ಇದು ಸರಾಸರಿಯ ಮಾತು. ‘ಆ ದೇಶದವರೆಲ್ಲ ಹೀಗೆ’ ಎಂದು ಎಳೆದುಕೊಂಡು ಹೋಗಬಾರದು.

ಇನ್ನು ಕಣ್ಣಿನ ಮಿತಿ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8%, ಹೆಂಗಸರಲ್ಲಿ ಸುಮಾರು 0.5% ಜನರಿಗೆ ಕೆಂಪು-ಹಸಿರು ಬಣ್ಣಗಳನ್ನು ಬೇರೆ ಮಾಡಿ ನೋಡುವುದು ಕಷ್ಟ. ಕೆಂಪು ಎಂದರೆ ಬೇಡ, ಹಸಿರು ಎಂದರೆ ಸರಿ ಎಂದು ಬಣ್ಣವೊಂದನ್ನೇ ನೆಚ್ಚಿಕೊಂಡ ಚಾರ್ಟ್ ಅವರ ಪಾಲಿಗೆ ಖಾಲಿ ಕಾಗದ. ಪರೀಕ್ಷೆ ಸುಲಭ. ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿ. ಅರ್ಥ ಉಳಿಯಿತೇ? ಉಳಿಯದಿದ್ದರೆ ಆಕಾರ ಅಥವಾ ಪದ ಸೇರಿಸಿ.

ಹೆಜ್ಜೆ 5: ಚಿಹ್ನೆ ತಾನಾಗಿ ಅರ್ಥವಾಗುತ್ತದೆ ಎಂದು ನಂಬಬೇಡಿ

ಚಿತ್ರಕ್ಕೆ ಭಾಷೆ ಬೇಡ, ಎಲ್ಲರಿಗೂ ಅರ್ಥವಾಗುತ್ತದೆ ಎನ್ನುವ ಮಾತು ಅರ್ಧ ಸುಳ್ಳು. ನಾಯಿಯ ಫೋಟೊ ನಾಯಿಯನ್ನು ಹೋಲುತ್ತದೆ, ಸರಿ. ಆದರೆ ಬಾಣ?

1972ರಲ್ಲಿ ಪಯೋನಿಯರ್ 10 ಗಗನನೌಕೆಯ ಮೇಲೆ ಒಂದು ಲೋಹದ ಫಲಕ ಕಳುಹಿಸಿದರು. ಬೇರೆ ಲೋಕದ ಜೀವಿಗಳು ಸಿಕ್ಕರೆ ಓದಲಿ ಎಂದು. ನೌಕೆ ಹೋದ ದಾರಿಯನ್ನು ಅದರಲ್ಲಿ ಬಾಣದ ಗುರುತಿನಿಂದ ತೋರಿಸಿದ್ದರು. ಬಿಲ್ಲು ಬಾಣ ಹಿಡಿದು ಬೇಟೆಯಾಡಿದ ಪೂರ್ವಜರಿಲ್ಲದವರಿಗೆ ಬಾಣ ದಿಕ್ಕು ತೋರಿಸುತ್ತದೆ ಎಂದು ಹೇಗೆ ಗೊತ್ತಾಗಬೇಕು ಎಂದು ಕಲಾ ಇತಿಹಾಸಕಾರ ಗೊಂಬ್ರಿಕ್ ಅದೇ ವರ್ಷ ಕೇಳಿದರು. ನಕ್ಕು ಬಿಡಬಹುದಾದ ಪ್ರಶ್ನೆಯಲ್ಲ ಇದು.

ಭೂಮಿಯ ಮೇಲಿನ ಉದಾಹರಣೆಗಳು ಇನ್ನೂ ಗಂಭೀರ. ವಿಷದ ಬಾಟಲಿಯ ಮೇಲಿನ ತಲೆಬುರುಡೆ ಮತ್ತು ಎಲುಬಿನ ಗುರುತು ದೊಡ್ಡವರಿಗೆ ಸಾವು. ಮಕ್ಕಳಿಗೆ ಅದು ಕಡಲ್ಗಳ್ಳರ ಗುರುತು, ಅಂದರೆ ಆಟದ ವಸ್ತು. ಅದಕ್ಕಾಗಿಯೇ 1971ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆ ಮುಖ ಹಿಂಡಿ ನಾಲಿಗೆ ಹೊರಹಾಕಿದ ಹಸಿರು ಮುಖದ ಗುರುತನ್ನು ತಂದಿತು. ಮಕ್ಕಳಿಗೆ ಯಾವ ಮುಖ ಹಿಡಿಸುವುದಿಲ್ಲ ಎಂದು ಮಕ್ಕಳನ್ನೇ ಕೇಳಿ ಆರಿಸಿದ್ದು ಅದು.

ವಿಕಿರಣದ ಗುರುತಿನ ಕಥೆಯೂ ಹೀಗೆಯೇ. ಮೂರು ಎಸಳಿನ ಆ ಚಿಹ್ನೆ ಹುಟ್ಟಿದ್ದು 1946ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಪ್ರಯೋಗಾಲಯದಲ್ಲಿ. ಗೊತ್ತಿದ್ದವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಅದು ಫ್ಯಾನಿನ ಹಾಗೆ ಕಾಣುವ ಒಂದು ಆಕಾರ, ಅಷ್ಟೆ. ಅದರಲ್ಲಿ ಹೆದರಿಸುವಂಥದ್ದು ಏನೂ ಇಲ್ಲ. ಕೊನೆಗೆ 2007ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಒಂದು ಪೂರಕ ಚಿಹ್ನೆ ಪ್ರಕಟಿಸಿತು. ಕೆಂಪು ಹಿನ್ನೆಲೆ, ಹೊರಸೂಸುವ ಅಲೆಗಳು, ತಲೆಬುರುಡೆ, ಓಡುವ ಮನುಷ್ಯ. ಇದನ್ನು 11 ದೇಶಗಳ 1,650 ಜನರ ಮೇಲೆ ಪರೀಕ್ಷಿಸಿದ್ದರು. ಒಂದು ತಲೆಬುರುಡೆ ಮಕ್ಕಳ ಬಳಿ ಸೋತಿತು, ಇಲ್ಲಿ ಗೆದ್ದಿತು. ಚಿಹ್ನೆಗೆ ಸ್ವಂತ ಗುಣ ಅಂತ ಇಲ್ಲ, ಎಲ್ಲಿ, ಯಾರ ಮುಂದೆ ಎನ್ನುವುದೇ ಎಲ್ಲ.

ಕೆಲವು ಚಿಹ್ನೆಗಳಿಗೆ ಇತಿಹಾಸದ ಭಾರವಿರುತ್ತದೆ. ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವವರ ಕೆಂಪು ಶಿಲುಬೆಯಾಕಾರದ ಗುರುತನ್ನು ಆಟೊಮನ್ ಸಾಮ್ರಾಜ್ಯ 1876ರಲ್ಲಿ ಬದಿಗಿಟ್ಟು ಕೆಂಪು ಅರ್ಧಚಂದ್ರ ಬಳಸತೊಡಗಿತು. ಶಿಲುಬೆ ತಮ್ಮ ಮುಸ್ಲಿಂ ಸೈನಿಕರಿಗೆ ಬೇರೆಯೇ ಅರ್ಥ ಕೊಡುತ್ತದೆ ಎಂಬುದು ಕಾರಣ. ಯಾವ ಧರ್ಮವನ್ನೂ ನೆನಪಿಸದ ಕೆಂಪು ಹರಳಿನ ಗುರುತಿಗೆ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ. ನಡುವೆ 129 ವರ್ಷ.

ನೀವು ಮಾಡಬೇಕಾದದ್ದು ಇಷ್ಟು. ನಿಮ್ಮ ಚಿತ್ರದಲ್ಲಿರುವ ಪ್ರತಿ ಚಿಹ್ನೆ, ಕೈಸನ್ನೆ, ಬಣ್ಣದ ಸಂಕೇತಗಳನ್ನು ಬೇರೆ ಬೇರೆ ಬರೆಯಿರಿ. ಪ್ರತಿಯೊಂದರ ಮುಂದೆ ‘ಇದನ್ನು ನೋಡುಗರು ಎಲ್ಲಿ ಕಲಿತಿರಬೇಕು?’ ಎಂದು ಕೇಳಿ. ಶಾಲೆಯಲ್ಲಿ? ರಸ್ತೆಯಲ್ಲಿ? ಮೊಬೈಲ್‌ನಲ್ಲಿ? ಕಲಿಯುವ ಅವಕಾಶವೇ ಇಲ್ಲದವರು ನಿಮ್ಮ ಪಟ್ಟಿಯಲ್ಲಿದ್ದರೆ ಪಕ್ಕದಲ್ಲಿ ಮಾತು ಸೇರಿಸಿ. ಸಾಲಾಗಿ ಚಿತ್ರ ಜೋಡಿಸಿದ್ದರೆ ಅಂಕಿ ಹಾಕಿ. ಅರೇಬಿಕ್, ಹೀಬ್ರೂ, ಉರ್ದು ಓದುವವರ ಸಾಲು ಬಲದಿಂದ ಎಡಕ್ಕೆ ಹೋಗುತ್ತದೆ. ಎಡದಲ್ಲಿ ನೋವಿನ ಮುಖ, ನಡುವೆ ಮಾತ್ರೆ, ಬಲದಲ್ಲಿ ನಗುಮುಖ ಇಟ್ಟರೆ, ಬಲದಿಂದ ಓದುವವರಿಗೆ ಮಾತ್ರೆ ನುಂಗಿ ಕಾಯಿಲೆ ಬಂದಂತೆ!

ಎಮೋಜಿ ಬಗ್ಗೆ ಒಂದೇ ಮಾತು. ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಕಂಡುಕೊಂಡಂತೆ, ಒಂದೇ ಎಮೋಜಿಯ ಒಂದೇ ರೂಪವನ್ನು ನೋಡಿದರೂ ಅದು ಖುಷಿಯದೋ, ಬೇಸರದ್ದೋ, ಎರಡೂ ಅಲ್ಲವೋ ಎಂಬ ಬಗ್ಗೆ 25% ಸಲ ಇಬ್ಬರ ಅಭಿಪ್ರಾಯ ಬೇರೆಯಾಗುತ್ತದೆ. ಮುಖ್ಯವಾದ ಸಂಗತಿಯನ್ನು ಎಮೋಜಿಗೆ ಬಿಡಬೇಡಿ.

ಹೆಜ್ಜೆ 6: ಪದಗಳನ್ನು ಒಂದೊಂದಾಗಿ ತೂಗಿ

ಚಿತ್ರದ ಬಗ್ಗೆ ಅನುಮಾನ ಇರುವವರೂ ಮಾತಿನ ವಿಷಯದಲ್ಲಿ ಧೈರ್ಯವಾಗಿರುತ್ತಾರೆ. ಬರೆದ ಮೇಲೆ ಮುಗಿಯಿತಲ್ಲ ಎಂದು. ಮುಗಿಯುವುದಿಲ್ಲ.

ಮೊದಲು ಕ್ರಿಯಾಪದ ನೋಡಿ. ಲಾಫ್ಟಸ್ ಮತ್ತು ಪಾಮರ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಕಾರು ಅಪಘಾತದ ಚಿಕ್ಕ ಫಿಲ್ಮ್‌ಗಳನ್ನು ಜನರಿಗೆ ತೋರಿಸಿ ವೇಗ ಕೇಳಿದರು. ಕೆಲವರಿಗೆ ಕಾರುಗಳು ‘ಅಪ್ಪಳಿಸಿದಾಗ’ ಎಷ್ಟು ವೇಗವಿತ್ತು ಎಂದು ಕೇಳಿದರು. ಕೆಲವರಿಗೆ ‘ತಾಗಿದಾಗ’ ಎಂದು. ಅಪ್ಪಳಿಸಿದ ಕಾರುಗಳಿಗೆ ಗಂಟೆಗೆ ಸರಾಸರಿ 40.5 ಮೈಲಿ ವೇಗ ಸಿಕ್ಕಿತು, ತಾಗಿದ ಕಾರುಗಳಿಗೆ 31.8. ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು ‘ಒಡೆದ ಗಾಜು ಕಂಡಿರಾ?’ ಎಂದು ಕೇಳಿದರು. ‘ಅಪ್ಪಳಿಸಿದ’ ಎಂದು ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ಹೌದು ಎಂದರು. ‘ಡಿಕ್ಕಿ ಹೊಡೆದ’ ಎಂದು ಕೇಳಿಸಿಕೊಂಡಿದ್ದ 50 ಜನರಲ್ಲಿ 7 ಮಂದಿ. ಫಿಲ್ಮ್‌ನಲ್ಲಿ ಒಡೆದ ಗಾಜು ಇರಲೇ ಇಲ್ಲ. ಕ್ಯಾಪ್ಷನ್ ಬರೆಯುವವರು ಈ ಅಂಕಿಗಳನ್ನು ಮೇಜಿನ ಮುಂದೆ ಅಂಟಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಪದ ಕಣ್ಣಿಗೆ ಕಾಣದ್ದನ್ನೂ ಕಾಣಿಸಿಬಿಡುತ್ತದೆ.

ಆಮೇಲೆ ಒಂದೇ ಲೆಕ್ಕವನ್ನು ಯಾವ ಕಡೆಯಿಂದ ಹೇಳುತ್ತಿದ್ದೀರಿ ನೋಡಿ. ಟ್ವರ್ಸ್ಕಿ ಮತ್ತು ಕಾನೆಮನ್ ಎಂಬ ಮನೋವಿಜ್ಞಾನಿಗಳು 1981ರಲ್ಲಿ ಒಂದು ಕಾಲ್ಪನಿಕ ರೋಗದ ಪ್ರಶ್ನೆ ಕೇಳಿದರು. 600 ಜನರ ಜೀವ ಅಪಾಯದಲ್ಲಿದೆ. ಎರಡು ಯೋಜನೆಗಳಲ್ಲಿ ಒಂದನ್ನು ಆರಿಸಬೇಕು: ಒಂದರ ಫಲ ಖಚಿತ, ಇನ್ನೊಂದು ಅದೃಷ್ಟದ ಆಟ. ಖಚಿತ ಯೋಜನೆಯ ಬಗ್ಗೆ ‘200 ಜನ ಖಂಡಿತ ಉಳಿಯುತ್ತಾರೆ’ ಎಂದು ಬರೆದಾಗ 72% ಜನ ಆ ಯೋಜನೆ ಆರಿಸಿದರು. ‘400 ಜನ ಸಾಯುತ್ತಾರೆ’ ಎಂದು ಬರೆದಾಗ ಆರಿಸಿದವರು 22% ಮಾತ್ರ. ಎರಡೂ ಒಂದೇ ಲೆಕ್ಕ. ಎರಡು ಕಡೆಯಿಂದಲೂ ಹೇಳಿ: ‘600ರಲ್ಲಿ 200 ಜನ ಉಳಿಯುತ್ತಾರೆ, 400 ಜನ ಸಾಯುತ್ತಾರೆ’. ಸಾಲು ಉದ್ದವಾಗುತ್ತದೆ, ಆಗಲಿ.

ಮೂರನೆಯದು ‘ಬಹುಶಃ’ ಜಾತಿಯ ಪದಗಳು. 1951ರಲ್ಲಿ ಅಮೆರಿಕದ ಗುಪ್ತಚರ ವರದಿಯೊಂದು ಯುಗೊಸ್ಲಾವಿಯದ ಮೇಲೆ ದಾಳಿಯಾಗುವ ‘ಗಂಭೀರ ಸಾಧ್ಯತೆ’ ಇದೆ ಎಂದು ಹೇಳಿತು. ಹಾಗೆಂದರೆ ಎಷ್ಟು ಎಂದು ಯಾರೋ ಕೇಳಿದರು. ವರದಿಯ ಹಿಂದಿದ್ದ ಶರ್ಮನ್ ಕೆಂಟ್ ಎಂಬ ಗುಪ್ತಚರ ಅಧಿಕಾರಿಯ ಮನಸ್ಸಿನಲ್ಲಿ ಇದ್ದದ್ದು ಸುಮಾರು 65%. ಅದೇ ವರದಿಗೆ ಒಪ್ಪಿಗೆ ಕೊಟ್ಟಿದ್ದ ಸಹೋದ್ಯೋಗಿಗಳನ್ನು ವಿಚಾರಿಸಿದರೆ ಉತ್ತರ 20%ನಿಂದ 80%ವರೆಗೆ ಹರಡಿತ್ತು. ಒಂದೇ ಮೇಜಿನ ಸುತ್ತ ಕೂತು ಒಂದೇ ಪದಕ್ಕೆ ಸಹಿ ಹಾಕಿದವರು ಇವರು. ಆದ್ದರಿಂದ ‘ಆದಷ್ಟು ಬೇಗ’, ‘ಕೆಲವೇ ದಿನ’, ‘ಅಪರೂಪಕ್ಕೆ’, ‘ಸಾಮಾನ್ಯವಾಗಿ’ ಎಂಬಂಥ ಪದಗಳಿಗೆಲ್ಲ ಸುತ್ತು ಹಾಕಿ ಗುರುತಿಸಿ. ಅಂಕಿ ಗೊತ್ತಿದ್ದರೆ ಅಂಕಿ ಬರೆಯಿರಿ. ದಿನಾಂಕವನ್ನು 03/04 ಎಂದು ಬರೆಯಬೇಡಿ, ಅಮೆರಿಕದವರಿಗೆ ಅದು ಮಾರ್ಚ್ 4, ಬೇರೆ ಬಹಳಷ್ಟು ಕಡೆ ಏಪ್ರಿಲ್ 3. ತಿಂಗಳ ಹೆಸರು ಬರೆದರೆ ಸಾಕು. ‘ಭಾನುವಾರ ಮಧ್ಯರಾತ್ರಿ 12ರವರೆಗೆ’ ಎಂಬುದೂ ಅಷ್ಟೇ ಅಪಾಯ. ಭಾನುವಾರ ಶುರುವಾಗುವ ಹೊತ್ತೋ ಮುಗಿಯುವ ಹೊತ್ತೋ?

ವಾಕ್ಯದ ಜೋಡಣೆಯಲ್ಲೂ ಎರಡು ಅರ್ಥ ಅಡಗಿರುತ್ತವೆ. ‘ಹೊಸ ಮಕ್ಕಳ ಪುಸ್ತಕ’ ಎಂದರೆ ಹೊಸದು ಪುಸ್ತಕವೋ ಮಕ್ಕಳೋ? ‘ನಾಳೆ ಬರುವವರಿಗೆ ತಿಳಿಸಿ’ ಎಂದರೆ ತಿಳಿಸುವುದು ನಾಳೆಯೋ, ಬರುವುದು ನಾಳೆಯೋ? ಪದಗಳ ಜಾಗ ಬದಲಿಸಿದರೆ ಸರಿಹೋಗುತ್ತದೆ. ‘ನೋಡೋಣ’ ಎಂಬ ಉತ್ತರ ಇನ್ನೂ ಕಷ್ಟ. ಹೇಳಿದವರಿಗೆ ಅದು ನಯವಾದ ‘ಇಲ್ಲ’, ಕೇಳಿದವರಿಗೆ ಅರ್ಧ ‘ಹೌದು’. ಬಾಯಲ್ಲಿ ಹೇಳುವಾಗ ದನಿ ಸಹಾಯಕ್ಕೆ ಬರುತ್ತದೆ. ಬರಹದಲ್ಲಿ ದನಿ ಇಲ್ಲ.

ಹೆಜ್ಜೆ 7: ಜನರನ್ನು ಕೇಳಿ, ಆದರೆ ಉತ್ತರ ಬಾಯಿಗಿಡಬೇಡಿ

ಇಲ್ಲಿಯವರೆಗಿನ ಆರೂ ಹೆಜ್ಜೆಗಳು ನಿಮ್ಮ ಊಹೆಯನ್ನು ಚುರುಕು ಮಾಡುತ್ತವೆ, ಅಷ್ಟೇ. ನಿಜವಾದ ಪರೀಕ್ಷೆ ಇದು. ಸಮಯ ಕಡಿಮೆ ಇದ್ದರೆ ಬೇರೆ ಹೆಜ್ಜೆಗಳನ್ನು ಬಿಡಿ, ಇದನ್ನು ಮಾತ್ರ ಬಿಡಬೇಡಿ.

ಕೆಟ್ಟ ಪ್ರಶ್ನೆ: ‘ಇದು ಅಪಾಯದ ಸೂಚನೆ ಅಂತ ಗೊತ್ತಾಗುತ್ತಾ?’ ಯಾರೇ ಆದರೂ ಹೌದು ಎನ್ನುತ್ತಾರೆ. ‘ಚೆನ್ನಾಗಿದೆಯಾ?’ ಎಂಬುದು ಅದಕ್ಕಿಂತ ಕೆಟ್ಟದ್ದು, ಅದಕ್ಕೆ ಬರುವುದು ಮರ್ಯಾದೆಯ ಉತ್ತರ. ಕೇಳಬೇಕಾದದ್ದು ಎರಡೇ ಪ್ರಶ್ನೆ. ‘ಇಲ್ಲಿ ಏನು ಹೇಳುತ್ತಿದ್ದಾರೆ?’ ಮತ್ತು ‘ಇದನ್ನು ನೋಡಿದ ಮೇಲೆ ನೀವು ಏನು ಮಾಡುತ್ತೀರಿ?’ ಎರಡನೆಯದು ಬಹಳ ಮುಖ್ಯ. ಅರ್ಥವಾಯಿತು ಎಂದವರೂ ಮಾಡುವ ಕೆಲಸ ಹೇಳುವಾಗ ತಪ್ಪು ಹೊರಬೀಳುತ್ತದೆ.

ಪರೀಕ್ಷಿಸುವ ಕ್ರಮ ಹೀಗಿರಲಿ:

- ಒಬ್ಬೊಬ್ಬರನ್ನೇ ಕೇಳಿ. ಗುಂಪಿನಲ್ಲಿ ಕೇಳಿದರೆ ಮೊದಲು ಬಾಯಿ ತೆರೆದವರ ಉತ್ತರವೇ ಎಲ್ಲರ ಉತ್ತರವಾಗುತ್ತದೆ.
- ನಿಜವಾಗಿ ನೋಡುವಷ್ಟೇ ಹೊತ್ತು ತೋರಿಸಿ. ರಸ್ತೆ ಬದಿಯ ಫಲಕವಾದರೆ ಎರಡು ಮೂರು ಸೆಕೆಂಡ್. ನಿಜವಾಗಿ ನೋಡುವ ಅಳತೆಯಲ್ಲೇ ತೋರಿಸಿ.
- ಅವರ ಮಾತನ್ನು ಅವರ ಪದಗಳಲ್ಲೇ ಬರೆದುಕೊಳ್ಳಿ. ‘ಅಂದರೆ ನೀವು ಹೇಳಿದ್ದು...’ ಎಂದು ತಿದ್ದಲು ಹೋಗಬೇಡಿ.
- ಸಮರ್ಥನೆ ಕೊಡಬೇಡಿ. ಫಲಕದ ಪಕ್ಕ ನೀವು ನಿಂತಿರುವುದಿಲ್ಲವಲ್ಲ.

ಎಷ್ಟು ಜನ? ಮನೆಮಟ್ಟದ ಕೆಲಸಕ್ಕೆ ಬೇರೆ ಬೇರೆ ಬಗೆಯ ಐದಾರು ಜನ ಸಿಕ್ಕರೂ ದೊಡ್ಡ ತಪ್ಪುಗಳು ಕಾಣುತ್ತವೆ. ನಿಮ್ಮಂಥವರೇ ಇಪ್ಪತ್ತು ಜನ ಸಿಕ್ಕರೂ ಕಾಣದಿರಬಹುದು. ಜೀವಕ್ಕೆ ಸಂಬಂಧಿಸಿದ ಗುರುತಾದರೆ ಲೆಕ್ಕವೇ ಬೇರೆ. ಸುರಕ್ಷತಾ ಚಿಹ್ನೆಗಳಿಗೆ ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆಯಾದ ಎಎನ್‌ಎಸ್‌ಐನ ಮಾನದಂಡ ಕನಿಷ್ಠ 85% ಸರಿ ಉತ್ತರ ಕೇಳುತ್ತದೆ. ಜೊತೆಗೆ ಇನ್ನೊಂದು ಷರತ್ತು: ಅಪಾಯಕ್ಕೆ ತಳ್ಳುವಂಥ ಉಲ್ಟಾ ಉತ್ತರ 5% ದಾಟಬಾರದು. ಈ ಎರಡನೆಯ ಷರತ್ತು ನನಗೆ ಬಹಳ ಹಿಡಿಸಿದೆ. ‘ಗೊತ್ತಾಗಲಿಲ್ಲ’ ಎಂದವರು ನಿಂತು ಬೇರೆಯವರನ್ನು ಕೇಳುತ್ತಾರೆ. ಉಲ್ಟಾ ಅರ್ಥ ಮಾಡಿಕೊಂಡವರು ಧೈರ್ಯವಾಗಿ ಒಳಗೆ ನಡೆದುಬಿಡುತ್ತಾರೆ. ಬಂದ ಉತ್ತರಗಳನ್ನು ಸರಿ, ತಪ್ಪು ಎಂದು ಎರಡಾಗಿ ಮಾಡದೆ ಸರಿ, ಗೊತ್ತಿಲ್ಲ, ಉಲ್ಟಾ ಎಂದು ಮೂರಾಗಿ ಮಾಡಿ.

ಅರ್ಥವಾಗಿಯೂ ಒಪ್ಪದವರು ಸಿಗುತ್ತಾರೆ. ಅದು ಬೇರೆ ಸಂಗತಿ. ಸ್ಟೂವರ್ಟ್ ಹಾಲ್ ಎಂಬ ವಿದ್ವಾಂಸರು 1973ರಲ್ಲಿ ಓದುವ ಮೂರು ರೀತಿಗಳನ್ನು ಗುರುತಿಸಿದರು: ಹೇಳಿದವರು ಬಯಸಿದಂತೆ ಓದುವುದು, ಸ್ವಲ್ಪ ಒಪ್ಪಿ ಸ್ವಲ್ಪ ತಮಗೆ ಬೇಕಾದಂತೆ ತಿರುಗಿಸಿಕೊಳ್ಳುವುದು, ಅರ್ಥ ಮಾಡಿಕೊಂಡೇ ತಿರಸ್ಕರಿಸುವುದು. ಮೂರನೆಯ ಗುಂಪಿನವರಿಗಾಗಿ ಅಕ್ಷರ ದೊಡ್ಡದು ಮಾಡಿ, ಬಾಣ ದಪ್ಪ ಮಾಡಿ ಪ್ರಯೋಜನವಿಲ್ಲ. ಅವರ ತಕರಾರು ಚಿತ್ರದ ಬಗ್ಗೆ ಅಲ್ಲ, ವಿಷಯದ ಬಗ್ಗೆ.

ಹೆಜ್ಜೆ 8: ತಿದ್ದಿ, ಮತ್ತೆ ತೋರಿಸಿ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಚಿತ್ರ, ಮಾತು, ಬಣ್ಣ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಮೊದಲು ಮಾತು ಬದಲಿಸಿ ನೋಡಿ, ಅದೇ ಸುಲಭ. ಸಾಲದಿದ್ದರೆ ಕ್ರಾಪ್ ಮಾಡಿದ್ದನ್ನು ಬಿಚ್ಚಿ. ಅದೂ ಸಾಲದಿದ್ದರೆ ಚಿತ್ರವನ್ನೇ ಬಿಟ್ಟುಬಿಡಿ. ಇಷ್ಟಪಟ್ಟ ಚಿತ್ರ ಬಿಡುವುದು ಕಷ್ಟ, ಆದರೆ ಮೂರು ಸಲ ತಿದ್ದಿದ ಕ್ಯಾಪ್ಷನ್ ಹೊತ್ತ ಚಿತ್ರ ಸಾಮಾನ್ಯವಾಗಿ ತಪ್ಪು ಚಿತ್ರವೇ ಆಗಿರುತ್ತದೆ. ಎರಡನೆಯ ಸುತ್ತಿಗೆ ಹೊಸ ಜನ ಬೇಕು. ಹಳಬರಿಗೆ ಉತ್ತರ ಗೊತ್ತಾಗಿದೆ, ಅವರೂ ಈಗ ನಿಮ್ಮ ಹಾಗೆಯೇ.

ಎಲ್ಲ ಕಡೆಯೂ ಅರ್ಥವನ್ನು ಒಂದಕ್ಕೇ ಕಟ್ಟಿಹಾಕಬೇಕಾಗಿಲ್ಲ. ಕವಿತೆಯ ಪಕ್ಕದ ಚಿತ್ರ, ನಾಟಕದ ಪೋಸ್ಟರ್, ವ್ಯಂಗ್ಯಚಿತ್ರಗಳಲ್ಲಿ ಎರಡು ಅರ್ಥ ಇರುವುದೇ ಚೆಂದ. ಅಲ್ಲಿ ಏಳನೆಯ ಹೆಜ್ಜೆಯನ್ನು ತಿರುಗಿಸಿ ಬಳಸಿ. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಕೆಲಸ ಇನ್ನೂ ಬಾಕಿ ಇದೆ. ಔಷಧಿ ಚೀಟಿ, ವಿದ್ಯುತ್ ಫಲಕ, ಪರೀಕ್ಷೆಯ ಸೂಚನೆಗಳಲ್ಲಿ ಮಾತ್ರ ಈ ಆಟ ಬೇಡ.

ಒಮ್ಮೆ ಸರಿಹೋದದ್ದು ಸದಾ ಸರಿಯಾಗಿರುವುದಿಲ್ಲ. ಪಿಸ್ತೂಲಿನ ಎಮೋಜಿಯನ್ನು ಆ್ಯಪಲ್ 2016ರಲ್ಲಿ ಆಟಿಕೆಯ ನೀರಿನ ಪಿಸ್ತೂಲಾಗಿ ಬದಲಿಸಿತು. ಬೇರೆ ಕೆಲವು ಕಂಪನಿಗಳ ಫೋನಿನಲ್ಲಿ ಆಗಿನ್ನೂ ನಿಜವಾದ ಪಿಸ್ತೂಲೇ ಕಾಣುತ್ತಿತ್ತು. ಅವರು 2018ರಲ್ಲಿ ಬದಲಿಸಿದರು. ನಡುವಿನ ಎರಡು ವರ್ಷ ಒಬ್ಬರು ಕಳುಹಿಸಿದ ಆಟಿಕೆ ಇನ್ನೊಬ್ಬರ ಪರದೆಯಲ್ಲಿ ಆಯುಧವಾಗಿ ಇಳಿಯಬಹುದಿತ್ತು. ನೀವು ಬಳಸುತ್ತಿರುವ ಫಲಕ, ಪಾಠದ ಚಿತ್ರ, ಕರಪತ್ರಗಳ ಒಂದು ಪಟ್ಟಿ ಇಟ್ಟುಕೊಳ್ಳಿ. ಕೊನೆಯ ಸಲ ಯಾವಾಗ, ಎಂಥವರಿಗೆ ತೋರಿಸಿ ಕೇಳಿದಿರಿ ಎಂದು ಪ್ರತಿಯೊಂದರ ಮುಂದೆ ದಿನಾಂಕ ಬರೆಯಿರಿ. ದಿನಾಂಕ ಹಳತಾದಷ್ಟೂ ಆ ಚಿತ್ರವನ್ನು ಪಟ್ಟಿಯ ಮೇಲಕ್ಕೆ ತನ್ನಿ, ಮತ್ತೆ ಏಳನೆಯ ಹೆಜ್ಜೆಯಿಂದ ಶುರುಮಾಡಿ.